ವಿಜ್ಞಾನಿಯ ದುಡಿಮೆಯನ್ನು ತೂಗುವ ತಕ್ಕಡಿ ಯಾವುದು?

ಅಡಿಕೆ ಬೆಳೆಗಾರನ ವರ್ಷದ ದುಡಿಮೆಯನ್ನು ನಾವು ಕ್ವಿಂಟಾಲಿನಲ್ಲಿ ಅಳೆಯುತ್ತೇವೆ. ಆದರೆ ಶಿವಮೊಗ್ಗದ ಮಂಡಿಗೆ ಹೋಗಿ ನೋಡಿದವರಿಗೆ ಗೊತ್ತು, ಕ್ವಿಂಟಾಲ್ ಲೆಕ್ಕ ಅರ್ಧ ಮಾತು ಮಾತ್ರ. ರಾಶಿಗೆ ಒಂದು ದರ, ಬೆಟ್ಟೆಗೆ ಒಂದು ದರ, ಸರಕಿಗೆ ಇನ್ನೊಂದು, ಗೊರಬಲಿಗೆ ಮತ್ತೊಂದು. ತೂಕ ಒಂದೇ ಇದ್ದರೂ ಬೆಲೆ ಒಂದೇ ಇರುವುದಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರನ್ನು ಕೇಳಿದರೂ ಅದೇ ಮಾತು ಹೇಳುತ್ತಾರೆ. ಎಷ್ಟು ಟನ್ ಉಕ್ಕು ತೆಗೆದೆವು ಎಂಬುದು ಒಂದು ಲೆಕ್ಕ, ಆ ಉಕ್ಕು ಪರೀಕ್ಷೆಯಲ್ಲಿ ಪಾಸಾಯಿತೇ ಎಂಬುದು ಬೇರೆ ಲೆಕ್ಕ.

ಹಾಗಾದರೆ ವಿಜ್ಞಾನಿಯ ದುಡಿಮೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಅವನು ಚೀಲ ಹೊರುವುದಿಲ್ಲ, ಅಂಗಡಿ ಇಡುವುದಿಲ್ಲ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕುಳಿತು ಕೊನೆಗೆ ನಾಲ್ಕೈದು ಪುಟದ ಒಂದು ಪ್ರಬಂಧ ಬರೆಯುತ್ತಾನೆ. ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ "ಇಂತಹ ವಿಜ್ಞಾನಿಯ ಪ್ರಬಂಧಗಳು ಇಷ್ಟು ಸಾವಿರ, ಉಲ್ಲೇಖಗಳು ಇಷ್ಟು ಸಾವಿರ, ಎಚ್-ಇಂಡೆಕ್ಸ್ ಇಷ್ಟು" ಎಂಬ ಸುದ್ದಿಗಳು ಆಗಾಗ ಬರುತ್ತವೆ. ಓದಿದ ನಮಗೆ ಹೆಮ್ಮೆಯೇನೋ ಆಗುತ್ತದೆ. ಆದರೆ ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದು. ತಿಳಿದುಕೊಳ್ಳುವ ಅಗತ್ಯ ಮಾತ್ರ ಈಗ ನಮ್ಮ ಮನೆಯ ಬಾಗಿಲಿಗೇ ಬಂದಿದೆ. ಏಕೆಂದರೆ ನಮ್ಮ ಹೆಣ್ಣು ಮಕ್ಕಳೂ ಗಂಡು ಮಕ್ಕಳೂ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರುತ್ತಿದ್ದಾರೆ. ಮೊದಲು ಅಂಕಪಟ್ಟಿಯ ಚಿಂತೆ ಇದ್ದ ಮನೆಗಳಲ್ಲಿ ಈಗ "ಪೇಪರ್" ಎಂಬ ಚಿಂತೆ ಶುರುವಾಗಿದೆ.

ಇದ್ದಿಲಿನಿಂದ ಗ್ರಾಫೀನ್‌ವರೆಗೆ

ವಸ್ತುವಿಜ್ಞಾನ, ಅಂದರೆ ಮೆಟೀರಿಯಲ್ ಸೈನ್ಸ್ ಎಂದರೆ ಏನೆಂದು ತಿಳಿಯಲು ಭದ್ರಾವತಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಬೇರೆ ಕಡೆ ಕಲ್ಲಿದ್ದಲಿನಿಂದ ಮಾಡುವ ಕೆಲಸವನ್ನು ಇಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಮಾಡಿದರು. ಮುಂದೆ ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

ಕುಲುಮೆಯಿಂದ ಇಳಿದ ಬೀಡುಕಬ್ಬಿಣದಲ್ಲಿ ಶೇಕಡಾ 4ರಷ್ಟು ಇಂಗಾಲವಿರುತ್ತದೆ. ಅದು ಗಟ್ಟಿ, ಆದರೆ ಸುತ್ತಿಗೆಯ ಏಟಿಗೆ ಒಡೆಯುತ್ತದೆ. ಅದೇ ಇಂಗಾಲವನ್ನು ಶೇಕಡಾ 2ಕ್ಕಿಂತ ಕೆಳಗೆ, ಸಾಮಾನ್ಯವಾಗಿ ಶೇಕಡಾ 1ಕ್ಕಿಂತಲೂ ಕೆಳಗೆ ಇಳಿಸಿದರೆ ಉಕ್ಕಾಗುತ್ತದೆ. ಬಗ್ಗುತ್ತದೆ, ಎಳೆದರೆ ತಂತಿಯಾಗುತ್ತದೆ. ಅದಕ್ಕೆ ಕ್ರೋಮಿಯಂ, ನಿಕ್ಕಲ್ ಬೆರೆಸಿದರೆ ಗುಣ ಮತ್ತೆ ಬದಲಾಗುತ್ತದೆ. ವಸ್ತುವಿನ ಒಳರಚನೆಗೂ ಅದರ ಗುಣಕ್ಕೂ ಇರುವ ನಂಟನ್ನು ಹುಡುಕುವುದೇ ವಸ್ತುವಿಜ್ಞಾನ. ಇಂಗಾಲವನ್ನೇ ನೋಡಿ. ಒಲೆಯ ಇದ್ದಿಲೂ ಅದೇ, ಪೆನ್ಸಿಲಿನ ಕಡ್ಡಿಯ ಗ್ರಾಫೈಟೂ ಅದೇ, ವಜ್ರವೂ ಅದೇ. ಗ್ರಾಫೈಟಿನ ಒಂದೇ ಒಂದು ಪದರವನ್ನು ಬಿಡಿಸಿದರೆ ಅದು ಗ್ರಾಫೀನ್. ಆ ಪದರ ಸುರುಳಿಯಾಗಿ ಕೊಳವೆಯಾದರೆ ನ್ಯಾನೋಟ್ಯೂಬ್. ಪರಮಾಣು ಒಂದೇ, ಜೋಡಣೆ ಬೇರೆ.

ಈ ವಿದ್ಯೆಯಲ್ಲಿ ಕರ್ನಾಟಕದ ಒಬ್ಬರು ಜಗತ್ತಿನ ಮೊದಲ ಸಾಲಿಗೆ ಏರಿದರು. ಅವರೇ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್, ಸಿ.ಎನ್.ಆರ್. ರಾವ್.

ತಾಯಿ ಕಲಿಸಿದ ಮೊದಲ ಪಾಠ

ರಾವ್ ಹುಟ್ಟಿದ್ದು 1934ರ ಜೂನ್ 30ರಂದು, ಬೆಂಗಳೂರಿನಲ್ಲಿ. ಮೊದಮೊದಲು ಅವರಿಗೆ ಅಕ್ಷರ, ಲೆಕ್ಕ ಕಲಿಸಿದ್ದು ಮನೆಯಲ್ಲಿ ತಾಯಿ. ಹೈಸ್ಕೂಲು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. 1951ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ., 1953ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಆಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ. ಅಲ್ಲಿ ಮೂರು ವರ್ಷವೂ ತುಂಬದೆ 1958ರಲ್ಲಿ ಪಿಎಚ್.ಡಿ. ಪಡೆದರು.

ಅಲ್ಲೇ ಉಳಿಯುವ ಅವಕಾಶ ಇದ್ದ ಕಾಲ. ಆದರೂ 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದರು. 1963ರಲ್ಲಿ ಕಾನ್ಪುರದ ಐಐಟಿಗೆ ಹೋದರು. 1976ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರಕ್ಕೆ ಒಂದು ಪ್ರತ್ಯೇಕ ವಿಭಾಗವನ್ನೇ ಕಟ್ಟಿದರು. 1984ರಿಂದ 1994ರವರೆಗೆ ಅದೇ ಸಂಸ್ಥೆಯ ನಿರ್ದೇಶಕರು. 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಹುಟ್ಟುಹಾಕಿದರು. ಅದು ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ. 1982ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. 2013ರ ನವೆಂಬರ್ 16ರಂದು ಭಾರತರತ್ನ ಘೋಷಣೆಯಾಯಿತು. ಅದೇ ದಿನ ಕ್ರಿಕೆಟಿನ ಸಚಿನ್ ತೆಂಡುಲ್ಕರ್‌ಗೂ ಘೋಷಣೆಯಾದ್ದರಿಂದ ಮಾರನೆಯ ದಿನದ ಪತ್ರಿಕೆಗಳಲ್ಲಿ ವಿಜ್ಞಾನಿಗೆ ಎಷ್ಟು ಜಾಗ ಸಿಕ್ಕಿತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅವರ ಕೆಲಸದ ತಿರುಳು ಲೋಹದ ಆಕ್ಸೈಡುಗಳು. ತಾಮ್ರ, ಮ್ಯಾಂಗನೀಸ್, ಕೋಬಾಲ್ಟ್ ಮೊದಲಾದ ಲೋಹಗಳು ಆಮ್ಲಜನಕದ ಜೊತೆ ಸೇರಿದಾಗ ಕೆಲವು ವಿದ್ಯುತ್ತನ್ನು ಹರಿಸುತ್ತವೆ, ಕೆಲವು ತಡೆಯುತ್ತವೆ, ಕೆಲವು ಬಿಸಿ ಹೆಚ್ಚು ಕಡಿಮೆಯಾದಂತೆ ಒಂದು ಗುಣದಿಂದ ಇನ್ನೊಂದಕ್ಕೆ ಹೊರಳುತ್ತವೆ. ಬೇರೆಯವರಿಗೆ ಇದು ಒಣ ವಿಷಯವಾಗಿ ಕಂಡ ಕಾಲದಲ್ಲೇ ರಾವ್ ಇದರ ಬೆನ್ನು ಹತ್ತಿದ್ದರು. 1986ರಲ್ಲಿ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ತಾಮ್ರದ ಒಂದು ಆಕ್ಸೈಡಿನಲ್ಲಿ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಯುವ ಗುಣವನ್ನು, ಅಲ್ಲಿಯವರೆಗೆ ಯಾರೂ ಕಾಣದಷ್ಟು ಹೆಚ್ಚಿನ ಉಷ್ಣತೆಯಲ್ಲಿ ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಆ ಜಾತಿಯ ಆಕ್ಸೈಡುಗಳ ಪರಿಚಯ ಮೊದಲೇ ಇದ್ದುದರಿಂದ ಬೆಂಗಳೂರಿನ ರಾವ್ ಅವರ ಗುಂಪು ತಡಮಾಡಲಿಲ್ಲ. 1987ರ ಆರಂಭದಲ್ಲೇ ದ್ರವ ಸಾರಜನಕದ ತಂಪಿನಲ್ಲಿ ಕೆಲಸ ಮಾಡುವ ಅಂತಹ ವಸ್ತುವನ್ನು ಗುರುತಿಸಿದ ಜಗತ್ತಿನ ಕೆಲವೇ ಗುಂಪುಗಳಲ್ಲಿ ಅದೂ ಒಂದಾಯಿತು. ಮುಂದೆ ಅವರು ನ್ಯಾನೋಟ್ಯೂಬ್, ಗ್ರಾಫೀನ್‌ಗಳ ಕಡೆ ಹೊರಳಿದರು. ಅಂದರೆ ಭದ್ರಾವತಿಯ ಕುಲುಮೆಗೆ ಸುರಿಯುತ್ತಿದ್ದ ಅದೇ ಇಂಗಾಲ.

ಹದಿಮೂರು ದಿನಕ್ಕೆ ಒಂದು ಪ್ರಬಂಧ

ಭಾರತರತ್ನ ಬರುವ ಹೊತ್ತಿಗೆ ರಾವ್ ಅವರ ಪ್ರಬಂಧಗಳ ಸಂಖ್ಯೆ 1,500ನ್ನು ಮುಟ್ಟಿತ್ತು. ಪುಸ್ತಕಗಳು 45ರ ಸುಮಾರು. ಪಿಎಚ್.ಡಿ. ಪಡೆದ 1958ರಿಂದ 2013ರವರೆಗೆ 55 ವರ್ಷ ಎಂದು ಹಿಡಿದರೆ ವರ್ಷಕ್ಕೆ 27 ಪ್ರಬಂಧ, ಹದಿಮೂರು ದಿನಕ್ಕೊಂದು. ಒಬ್ಬ ಮನುಷ್ಯನಿಂದ ಇದು ಸಾಧ್ಯವೇ?

ಒಬ್ಬನಿಂದ ಸಾಧ್ಯವಿಲ್ಲ. ಪ್ರಯೋಗ ವಿಜ್ಞಾನದಲ್ಲಿ ಪ್ರಬಂಧ ಎಂಬುದು ಒಬ್ಬರ ಕೆಲಸವಲ್ಲ. ವಸ್ತುವನ್ನು ತಯಾರಿಸುವವರು ಒಬ್ಬರು, ಎಕ್ಸ್-ರೇ ಹಾಯಿಸಿ ರಚನೆ ನೋಡುವವರು ಇನ್ನೊಬ್ಬರು, ವಿದ್ಯುತ್ ಗುಣ ಅಳೆಯುವವರು ಮತ್ತೊಬ್ಬರು. ಮಾರ್ಗದರ್ಶಕರ ಕೈಕೆಳಗೆ ಹತ್ತಾರು ವಿದ್ಯಾರ್ಥಿಗಳು. ರಾವ್ ಅವರ ಬಳಿ ಪಿಎಚ್.ಡಿ. ಮಾಡಿದವರೇ ನೂರಕ್ಕೂ ಹೆಚ್ಚು. ದೊಡ್ಡ ಅಡುಗೆಯ ಮನೆಯಲ್ಲಿ ಭಟ್ಟಿಯ ಮುಂದೆ ನಿಂತ ಹಿರಿಯ ಬಾವರ್ಚಿಯ ಹೆಸರಿನಲ್ಲೇ ಬಿರಿಯಾನಿ ಪ್ರಸಿದ್ಧವಾಗುತ್ತದೆ, ಆದರೆ ಈರುಳ್ಳಿ ಹೆಚ್ಚಿದವರೂ ಅಕ್ಕಿ ತೊಳೆದವರೂ ಇಲ್ಲದೆ ಹಂಡೆ ಇಳಿಯುವುದಿಲ್ಲ. ಆದ್ದರಿಂದ 1,500 ಎಂಬ ಅಂಕಿಯನ್ನು ಒಬ್ಬ ವ್ಯಕ್ತಿಯ ಬರವಣಿಗೆ ಎಂದಲ್ಲ, ಐವತ್ತೈದು ವರ್ಷ ಆರದೆ ಉರಿದ ಒಂದು ಪ್ರಯೋಗಾಲಯದ ಫಲ ಎಂದು ಓದಬೇಕು. ಆಗಲೂ ಅದು ಸಣ್ಣ ಮಾತಲ್ಲ.

ಉಲ್ಲೇಖ ಎಂದರೇನು?

ಒಬ್ಬ ಸಂಶೋಧಕ ಪ್ರಬಂಧ ಬರೆಯುವಾಗ ತಾನು ಯಾರ ಕೆಲಸದ ಮೇಲೆ ನಿಂತಿದ್ದೇನೆ ಎಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾನೆ. ಹಾಗೆ ಪಟ್ಟಿಯಲ್ಲಿ ಒಂದು ಹೆಸರು ಬಂದರೆ ಅದು ಒಂದು ಉಲ್ಲೇಖ, ಇಂಗ್ಲಿಷಿನಲ್ಲಿ ಸೈಟೇಶನ್. ಅಮೆರಿಕದ ಯೂಜಿನ್ ಗಾರ್ಫೀಲ್ಡ್ ಎಂಬವರು ಈ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ, ಯಾವ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹುಡುಕುವ ಸೂಚಿಯೊಂದನ್ನು 1964ರಲ್ಲಿ ಹೊರತಂದರು. ಸಂಬಂಧಪಟ್ಟ ಲೇಖನಗಳನ್ನು ಬೇಗ ಹುಡುಕಲು ಸಹಾಯವಾಗಲಿ ಎಂಬುದು ಉದ್ದೇಶ. ಆದರೆ ಎಣಿಸಬಲ್ಲ ವಸ್ತು ಕೈಗೆ ಸಿಕ್ಕರೆ ಮನುಷ್ಯ ಎಣಿಸದೆ ಬಿಡುತ್ತಾನೆಯೇ? ಉಲ್ಲೇಖಗಳ ಸಂಖ್ಯೆಯೇ ಕ್ರಮೇಣ ವಿಜ್ಞಾನಿಯ ಅಳತೆಗೋಲಾಯಿತು.

2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಪ್ರಬಂಧಗಳ ಸಂಖ್ಯೆ ಮತ್ತು ಉಲ್ಲೇಖಗಳ ಸಂಖ್ಯೆ ಎರಡನ್ನೂ ಒಂದೇ ಅಂಕಿಯಲ್ಲಿ ಹಿಡಿಯುವ ಉಪಾಯ ಹೇಳಿದರು. ಅದೇ ಎಚ್-ಇಂಡೆಕ್ಸ್. ಒಂದು ಉದಾಹರಣೆ ನೋಡಿ. ಒಬ್ಬ ಸಂಶೋಧಕಿಯ ಐದು ಪ್ರಬಂಧಗಳಿವೆ. ಅವುಗಳಿಗೆ ಕ್ರಮವಾಗಿ 12, 7, 4, 3, 1 ಉಲ್ಲೇಖಗಳು ಬಂದಿವೆ. ಕನಿಷ್ಠ 3 ಉಲ್ಲೇಖ ಪಡೆದ ಮೂರು ಪ್ರಬಂಧಗಳು ಇಲ್ಲಿವೆ. ಕನಿಷ್ಠ 4 ಉಲ್ಲೇಖ ಪಡೆದ ನಾಲ್ಕು ಪ್ರಬಂಧಗಳು ಇವೆಯೇ? ಇಲ್ಲ, ಮೂರೇ ಇವೆ. ಆದ್ದರಿಂದ ಅವಳ ಎಚ್-ಇಂಡೆಕ್ಸ್ 3. ಒಂದೇ ಪ್ರಬಂಧಕ್ಕೆ ಸಾವಿರ ಉಲ್ಲೇಖ ಬಂದರೂ ಈ ಅಂಕಿ ಮೇಲೇರದು. ಯಾರೂ ಓದದ ನೂರು ಪ್ರಬಂಧ ಬರೆದರೂ ಏರದು. 2013ರಲ್ಲಿ ರಾವ್ ಅವರ ಎಚ್-ಇಂಡೆಕ್ಸ್ 100ನ್ನು ಮುಟ್ಟಿತು. ಅಂದರೆ ಅವರ ನೂರು ಪ್ರಬಂಧಗಳಿಗೆ, ಒಂದೊಂದಕ್ಕೂ ಕನಿಷ್ಠ ನೂರು ಉಲ್ಲೇಖ. ಭಾರತದಲ್ಲೇ ಕೆಲಸ ಮಾಡಿದ ವಿಜ್ಞಾನಿಯೊಬ್ಬರು ಈ ಮಟ್ಟಕ್ಕೆ ಏರಿದ್ದು ಆಗ ದೇಶದಲ್ಲೆಲ್ಲ ಸುದ್ದಿಯಾಯಿತು.

ಅಂಕಿ ಹೇಳದ ಮಾತುಗಳು

ಇಷ್ಟು ಓದಿದ ಮೇಲೆ ಎಚ್-ಇಂಡೆಕ್ಸ್ ಹೆಚ್ಚಿದ್ದವನೇ ದೊಡ್ಡ ವಿಜ್ಞಾನಿ ಎಂದು ತೀರ್ಮಾನಿಸಿಬಿಡಬಾರದು. ರಾವ್ ಅವರಿಗೆ ಭಾರತರತ್ನ ಘೋಷಣೆಯಾದ ಅದೇ 2013ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು ಪೀಟರ್ ಹಿಗ್ಸ್. 1964ರಲ್ಲಿ ಅವರು ಬರೆದ ಪುಟ್ಟ ಪ್ರಬಂಧಗಳು ಲೋಕದ ತಿಳಿವನ್ನೇ ಬದಲಿಸಿದವು. ಆಮೇಲಿನ ಸುಮಾರು ಐವತ್ತು ವರ್ಷಗಳಲ್ಲಿ ಅವರು ಪ್ರಕಟಿಸಿದ ಪ್ರಬಂಧಗಳು ಹತ್ತನ್ನೂ ದಾಟಲಿಲ್ಲ. ಇಂದಿನ ಲೆಕ್ಕದಲ್ಲಾದರೆ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಅವರೇ ಆಡಿದ್ದರು. ಒಬ್ಬರದು 1,500, ಇನ್ನೊಬ್ಬರದು ಬೆರಳೆಣಿಕೆ. ಇಬ್ಬರೂ ದೊಡ್ಡವರೇ.

ಇದಕ್ಕೆ ವಿರುದ್ಧವಾದ ಕತೆಯೂ ವಸ್ತುವಿಜ್ಞಾನದಲ್ಲೇ ಇದೆ. ಯಾನ್ ಹೆಂಡ್ರಿಕ್ ಶೋನ್ ಎಂಬ ಯುವ ಸಂಶೋಧಕ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ. 2001ರಲ್ಲಿ ಅವನ ಪ್ರಬಂಧಗಳು ಸರಾಸರಿ ಎಂಟು ದಿನಕ್ಕೊಂದರಂತೆ ಹೊರಬರುತ್ತಿದ್ದವು, ಅದೂ ಜಗತ್ತಿನ ಅತಿ ದೊಡ್ಡ ಪತ್ರಿಕೆಗಳಲ್ಲಿ. ನೊಬೆಲ್ ಬಂದೇ ಬರುತ್ತದೆ ಎಂದು ಜನ ಮಾತಾಡುತ್ತಿದ್ದರು. ಆದರೆ ಬೇರೆ ಬೇರೆ ಪ್ರಯೋಗಗಳ ನಕ್ಷೆಗಳು ಒಂದೇ ತೆರನಾಗಿರುವುದನ್ನು ಕೆಲವರು ಗಮನಿಸಿದರು. 2002ರ ಸೆಪ್ಟೆಂಬರಿನಲ್ಲಿ ತನಿಖಾ ಸಮಿತಿಯ ವರದಿ ಬಂತು. ಪರಿಶೀಲಿಸಿದ 24 ಆರೋಪಗಳಲ್ಲಿ 16ರಲ್ಲಿ ವಂಚನೆ ಸಾಬೀತಾಗಿತ್ತು. ಪತ್ರಿಕೆಗಳು ಪ್ರಬಂಧಗಳನ್ನು ಹಿಂತೆಗೆದುಕೊಂಡವು, ಕೆಲಸ ಹೋಯಿತು. ಅವನ ಪಿಎಚ್.ಡಿ. ಪದವಿಯನ್ನೂ ಜರ್ಮನಿಯ ವಿಶ್ವವಿದ್ಯಾಲಯ ರದ್ದುಪಡಿಸಿತು. ಅಂಕಿಗಳಷ್ಟನ್ನೇ ನೋಡಿದವರ ಕಣ್ಣಿಗೆ 2001ರಲ್ಲಿ ಅವನೇ ಆದರ್ಶ ವಿಜ್ಞಾನಿ!

ರಾವ್ ಅವರ ದೀರ್ಘ ಬದುಕಿನಲ್ಲೂ ಒಂದು ಕಹಿ ಪ್ರಸಂಗವಿದೆ. 2011ರಲ್ಲಿ ಒಂದು ವಿದೇಶಿ ಪತ್ರಿಕೆಯಲ್ಲಿ ಬಂದ, ಅವರೂ ಸಹಲೇಖಕರಾಗಿದ್ದ ಪ್ರಬಂಧದ ಪೀಠಿಕೆಯಲ್ಲಿ ಕೆಲವು ವಾಕ್ಯಗಳು ಬೇರೆಯವರ ಪ್ರಬಂಧದಿಂದ ಹಾಗೆಯೇ ಬಂದಿದ್ದವು. ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೇಳಿದರು. ಸಂಶೋಧನೆಯ ಫಲಿತಾಂಶದಲ್ಲಿ ದೋಷವಿರಲಿಲ್ಲ, ಆ ಸಾಲುಗಳನ್ನು ಸೇರಿಸಿದ್ದು ಒಬ್ಬ ವಿದ್ಯಾರ್ಥಿ ಎಂಬ ವಿವರಣೆಯೂ ಬಂತು. ಆದರೂ ದೇಶದಾದ್ಯಂತ ಚರ್ಚೆಯಾಯಿತು. ಸಾವಿರಾರು ಪ್ರಬಂಧಗಳ ನಡುವೆ ನಾಲ್ಕು ಸಾಲು ಎಂದು ಕೆಲವರು ಹೇಳಿದರು. ಆದರೆ ಪ್ರಬಂಧದ ಮೇಲೆ ಹೆಸರು ಹಾಕಿದವರು ಅದರ ಪ್ರತಿ ಸಾಲಿಗೂ ಹೊಣೆ ಎಂಬ ನಿಯಮ ದೊಡ್ಡವರಿಗೂ ಬಿಟ್ಟದ್ದಲ್ಲ. ಕಲಿಯುವ ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇರೆ ಬೇಕಿಲ್ಲ.

ವಿಷಯದಿಂದ ವಿಷಯಕ್ಕೂ ಲೆಕ್ಕ ಬದಲಾಗುತ್ತದೆ. ವೈದ್ಯಕೀಯ, ವಸ್ತುವಿಜ್ಞಾನಗಳಲ್ಲಿ ಸಾವಿರಾರು ಜನ ಕೆಲಸ ಮಾಡುವುದರಿಂದ ಉಲ್ಲೇಖಗಳೂ ಹೆಚ್ಚು. ಗಣಿತದಲ್ಲಿ ಕಡಿಮೆ. ಕನ್ನಡದ ಶಾಸನಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿ ಪುಸ್ತಕ ಬರೆದವರು ಈ ತಕ್ಕಡಿಯಲ್ಲಿ ಕೂರುವುದೇ ಇಲ್ಲ. ಹಾಗೆಂದು ಅವರ ಕೆಲಸ ಹಗುರವೇ?

ಶಂಕರಘಟ್ಟದ ಪ್ರಯೋಗಾಲಯ

ದೊಡ್ಡ ನಗರಗಳ ಮಾತಾಯಿತು. ನಮ್ಮ ಜಿಲ್ಲೆಯ ಕತೆ ಏನು? 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಇರುವುದು ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟಿಗೆ ಸಮೀಪದಲ್ಲಿ. ಅಲ್ಲಿನ ಕೈಗಾರಿಕಾ ರಸಾಯನಶಾಸ್ತ್ರ ವಿಭಾಗದ ಪ್ರೊ. ಬಿ.ಇ. ಕುಮಾರಸ್ವಾಮಿಯವರ ಹೆಸರು ಜಗತ್ತಿನ ಶೇಕಡಾ 2ರಷ್ಟು ಮುಂಚೂಣಿ ವಿಜ್ಞಾನಿಗಳ ಪಟ್ಟಿಯಲ್ಲಿ ಬಂದಾಗ ಶಿವಮೊಗ್ಗದ ಪತ್ರಿಕೆಗಳು ಹೆಮ್ಮೆಯಿಂದ ಬರೆದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಯೋನಿಡಿಸ್ ಮತ್ತು ಸಂಗಡಿಗರು 2019ರಿಂದ ಹೊರತರುತ್ತಿರುವ ಪಟ್ಟಿ ಅದು. ಉಲ್ಲೇಖಗಳ ಆಧಾರದ ಮೇಲೆ ತಯಾರಾಗುತ್ತದೆ. ತನ್ನ ಪ್ರಬಂಧವನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಕಳೆದು ಲೆಕ್ಕ ಹಾಕುವ ವ್ಯವಸ್ಥೆಯೂ ಅದರಲ್ಲಿದೆ.

ಕುಮಾರಸ್ವಾಮಿಯವರ ಗುಂಪಿನ ಮುಖ್ಯ ಕೆಲಸ ಸಂವೇದಕಗಳದು. ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಬೆರೆಸಿ ಕಲಸಿದರೆ ಕಣಕದಂತಾಗುತ್ತದೆ. ಅದನ್ನು ಸಣ್ಣ ಕೊಳವೆಯ ತುದಿಗೆ ತುಂಬಿದರೆ ಒಂದು ವಿದ್ಯುದ್ವಾರ ಸಿದ್ಧ. ಅದರ ಮೇಲ್ಮೈಗೆ ತಕ್ಕ ಪದಾರ್ಥವನ್ನು ಲೇಪಿಸಿ ಡೋಪಮಿನ್ ಎಂಬ ರಾಸಾಯನಿಕವನ್ನು ಪತ್ತೆಹಚ್ಚುವ ಪ್ರಯೋಗಗಳನ್ನು ಅವರು ಮಾಡಿದ್ದಾರೆ. ಡೋಪಮಿನ್ ನಮ್ಮ ಮಿದುಳಿನಲ್ಲಿರುವ ವಸ್ತು. ಅದು ಕಡಿಮೆಯಾದರೆ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕಷ್ಟವೇನೆಂದರೆ ದೇಹದಲ್ಲಿ ಅದರ ಜೊತೆಗೇ ಇರುವ ವಿಟಮಿನ್ ಸಿ ಮತ್ತು ಯೂರಿಕ್ ಆಮ್ಲಗಳೂ ಹೆಚ್ಚುಕಡಿಮೆ ಅದೇ ಬಗೆಯ ಸಂಕೇತ ಕೊಡುತ್ತವೆ. ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲ ಮೇಲ್ಮೈಯನ್ನು ಹುಡುಕುವುದೇ ಸವಾಲು. ಕೋಟಿಗಟ್ಟಲೆ ಬೆಲೆಯ ಯಂತ್ರ ಇಲ್ಲದೆಯೂ ಮಾಡಬಹುದಾದ ಕೆಲಸ ಇದು. ಜಿಲ್ಲಾ ಮಟ್ಟದ ವಿಶ್ವವಿದ್ಯಾಲಯದಲ್ಲಿ ಕುಳಿತು ಜಗತ್ತು ಓದುವಂತಹ ಪ್ರಬಂಧ ಬರೆಯಬಹುದು ಎಂಬುದು ನಮ್ಮ ಮಕ್ಕಳಿಗೆ ತಿಳಿಯಬೇಕಾದ ವಿಷಯ.

ಮೂರು ದಿನದಲ್ಲಿ ಪ್ರಬಂಧ, ಹದಿನೆಂಟು ಸಾವಿರ ರೂಪಾಯಿ

ಈಗ ಮನೆಯ ಬಾಗಿಲಿಗೆ ಬಂದ ಸಮಸ್ಯೆಯ ಮಾತು. ಭದ್ರಾವತಿಯಲ್ಲಿ ನನಗೆ ಪರಿಚಯದ ಒಂದು ಕುಟುಂಬವಿದೆ. ತಂದೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದವರು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಸಾವಿರಾರು ಮನೆಗಳ ಹಾಗೆ ಅವರ ಮನೆಯಲ್ಲೂ ಒಲೆ ಹೊತ್ತಿಸುವ ಚಿಂತೆ ಆವರಿಸಿತ್ತು. ಹಿರಿಯ ಮಗಳು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಒಂದು ಸಂಜೆ ತಂದೆ ಮಗಳು ಇಬ್ಬರೂ ನನ್ನ ಬಳಿ ಬಂದರು.

"ಮಾಸ್ಟ್ರೇ, ಇವಳ ಪೇಪರ್ ಫಾರಿನ್‌ನಲ್ಲಿ ಪ್ರಿಂಟ್ ಆಗುತ್ತಂತೆ. ಹದಿನೆಂಟು ಸಾವಿರ ಕಟ್ಟಬೇಕಂತೆ. ಇವಳ ಅಮ್ಮಿ ಬಳೆ ಅಡ ಇಡ್ತೀನಿ ಅಂತಿದ್ದಾಳೆ. ಇಡೋದಾ ಬೇಡವಾ, ಒಂದು ಮಾತು ಹೇಳಿ" ಎಂದರು.

"ಎಷ್ಟು ದಿನದಲ್ಲಿ ಪ್ರಕಟಿಸ್ತಾರಂತೆ ಬೇಟಿ?" ಎಂದು ಕೇಳಿದೆ.

"ಮೂರು ದಿನ ಸರ್. ಇವತ್ತೇ ದುಡ್ಡು ಕಟ್ಟಿದ್ರೆ ಡಿಸ್ಕೌಂಟ್ ಇದೆ ಅಂತಲೂ ಬರೆದಿದ್ದಾರೆ."

"ನಿಮ್ಮ ಗೈಡ್‌ಗೆ ತೋರಿಸಿದ್ಯಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ ಸರ್. ನನ್ನ ಜೊತೆಯವರದೆಲ್ಲ ಎರಡೆರಡು ಬಂದಿದೆ. ನನ್ನದೊಂದೂ ಇಲ್ಲ. ಅಬ್ಬಾಗೆ ಇನ್ನೆಷ್ಟು ವರ್ಷ ಅಂತ ಹೇಳಲಿ?"

ಆ ಪತ್ರವನ್ನು ಕೂತು ಓದಿದೆವು. ಪತ್ರಿಕೆಯ ಹೆಸರಿನಲ್ಲಿ ಎಂಜಿನಿಯರಿಂಗ್, ಸಾಹಿತ್ಯ, ವೈದ್ಯಕೀಯ, ವಾಣಿಜ್ಯ ಎಲ್ಲವೂ ಇತ್ತು. ವಿಳಾಸ ಎಲ್ಲಿಯೂ ಇರಲಿಲ್ಲ. ಹಣ ಕಟ್ಟಬೇಕಾದ ಖಾತೆ ಮಾತ್ರ ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ಮರುದಿನ ಅವಳು ಗೈಡ್ ಬಳಿ ಎಲ್ಲವನ್ನೂ ಹೇಳಿದಳು. ಅವರು ಗದರಲಿಲ್ಲ. ಪ್ರಬಂಧವನ್ನು ಹಣ ಕೇಳದ ಒಂದು ಒಳ್ಳೆಯ ಪತ್ರಿಕೆಗೆ ಕಳುಹಿಸಿದರು. ನಾಲ್ಕು ತಿಂಗಳ ನಂತರ ಅದು ತಿರಸ್ಕೃತವಾಗಿ ಬಂತು. ಆದರೆ ಜೊತೆಗೆ ಇಬ್ಬರು ತಜ್ಞರು ಎರಡು ಪುಟ ಟಿಪ್ಪಣಿ ಬರೆದಿದ್ದರು: ಈ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಆ ಅಳತೆಗೆ ಸಾಕ್ಷ್ಯ ಸಾಲದು ಎಂದು. ಅವಳು ಮತ್ತೆ ಪ್ರಯೋಗ ಮಾಡಿದಳು. ಎರಡನೇ ಪತ್ರಿಕೆ ಅದನ್ನು ಸ್ವೀಕರಿಸಿತು. ಬಳೆ ತಾಯಿಯ ಕೈಯಲ್ಲೇ ಇದೆ. ಹದಿನೆಂಟು ಸಾವಿರ ಕೊಟ್ಟಿದ್ದರೆ ಪ್ರಬಂಧ ಮೂರೇ ದಿನದಲ್ಲಿ ಬರುತ್ತಿತ್ತು, ಆದರೆ ಪ್ರಯೋಗದಲ್ಲಿದ್ದ ಕೊರತೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವಳಿಗೂ.

ಇದು ಒಂದು ಮನೆಯ ಕತೆಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರ ಮೇ ತಿಂಗಳಲ್ಲಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಮ್ಮೆಗೇ ಕಿತ್ತುಹಾಕಿತ್ತು ಎಂದರೆ ರೋಗ ಎಷ್ಟು ಹರಡಿತ್ತೆಂದು ಊಹಿಸಬಹುದು. 2019ರಲ್ಲಿ 'ಕೇರ್' ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಟ್ಟು, ಒಳ್ಳೆಯ ಪತ್ರಿಕೆಯನ್ನು ಗುರುತಿಸುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ಬಿಡಲಾಯಿತು. ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು. ಆದ್ದರಿಂದ ಮೊದಲು ತಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ಲಿಖಿತವಾಗಿ ತಿಳಿದುಕೊಳ್ಳಬೇಕು. ಗೆಳತಿಯರ ಬಾಯಿಮಾತು ಸಾಲದು.

ಹಣ ಕಟ್ಟುವ ಮೊದಲು

ಮಕ್ಕಳು ಸಂಶೋಧನೆ ಮಾಡುವ ಮನೆಗಳಲ್ಲಿ ತಂದೆತಾಯಿಗಳು ಕೆಲವು ವಿಷಯ ನೆನಪಿಡುವುದು ಒಳ್ಳೆಯದು. ಇದಕ್ಕೆ ವಿಜ್ಞಾನ ಓದಿರಬೇಕೆಂದಿಲ್ಲ.

ಒಂದು, ಹಣ ಕೇಳುವ ಪತ್ರಿಕೆಗಳೆಲ್ಲ ಮೋಸದವಲ್ಲ. ಜಗತ್ತಿನ ಯಾರು ಬೇಕಾದರೂ ಉಚಿತವಾಗಿ ಓದಲಿ ಎಂದು ಲೇಖಕರಿಂದ ಶುಲ್ಕ ಪಡೆಯುವ ಗೌರವಾನ್ವಿತ ಪತ್ರಿಕೆಗಳೂ ಇವೆ. ಆದರೆ ಅವು ಮೊದಲು ತಜ್ಞರಿಂದ ಪರಿಶೀಲನೆ ಮಾಡಿಸುತ್ತವೆ, ಶುಲ್ಕದ ಮಾತು ಆಮೇಲೆ. ಅದಕ್ಕೆ ಬಡ ವಿದ್ಯಾರ್ಥಿಯ ಮನೆಯ ಚಿನ್ನ ಅಡವಿಡಬೇಕಿಲ್ಲ. ಅದೇ ವಿಷಯದಲ್ಲಿ ಶುಲ್ಕವಿಲ್ಲದ ಒಳ್ಳೆಯ ಪತ್ರಿಕೆಗಳೂ ಸಾಕಷ್ಟಿವೆ.

ಎರಡು, ಮೂರು ದಿನದಲ್ಲಿ, ಒಂದು ವಾರದಲ್ಲಿ ಪ್ರಕಟಿಸುತ್ತೇವೆ ಎಂದರೆ ಯಾರೂ ಓದುವುದಿಲ್ಲ ಎಂದೇ ಅರ್ಥ. ನಿಜವಾದ ಪರಿಶೀಲನೆಗೆ ತಿಂಗಳುಗಳು ಹಿಡಿಯುತ್ತವೆ.

ಮೂರು, ಪತ್ರಿಕೆಯ ಸಂಪಾದಕರ ಹೆಸರು, ವಿಳಾಸ ನಿಜವೇ ಎಂದು ನೋಡಬೇಕು. ಆ ಪತ್ರಿಕೆಯ ನಾಲ್ಕು ಹಳೆಯ ಪ್ರಬಂಧಗಳನ್ನು ಗೈಡ್ ಜೊತೆ ಕುಳಿತು ಓದಬೇಕು. ಅವು ಓದಲು ಯೋಗ್ಯವಾಗಿದ್ದರೆ ಮಾತ್ರ ತಮ್ಮದನ್ನು ಕಳುಹಿಸಬೇಕು.

ನಾಲ್ಕು, 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಮಾತಿಗೆ ಮರುಳಾಗಬಾರದು. ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂದಿದೆ ಎಂದು ಹೇಳುವ ಅಂಕಿ ಅದು. ಅದು ಪತ್ರಿಕೆಯ ಗುಣಲಕ್ಷಣ, ನಿಮ್ಮ ಮಗಳ ಪ್ರಬಂಧದ್ದಲ್ಲ. ಒಳ್ಳೆಯ ತರಗತಿಯಲ್ಲಿ ಕೂತ ಮಾತ್ರಕ್ಕೆ ಎಲ್ಲರೂ ಫಸ್ಟ್ ಕ್ಲಾಸ್ ಆಗುವುದಿಲ್ಲ. ಮೋಸದ ಪತ್ರಿಕೆಗಳು ಈ ಅಂಕಿಯನ್ನೂ ತಾವೇ ಹೊಸೆದುಕೊಂಡು ಮುಖಪುಟದಲ್ಲಿ ಅಚ್ಚು ಹಾಕಿಕೊಳ್ಳುತ್ತವೆ.

ಐದು, ಓದಲು ಸಾಮಗ್ರಿ ಸಿಗುವುದಿಲ್ಲ ಎಂಬ ಹಳೆಯ ಕೊರತೆ ಈಗ ಬಹಳಷ್ಟು ನೀಗಿದೆ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ದೊರೆಯುವಂತಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 'ಶೋಧಗಂಗಾ' ಎಂಬ ಸಂಗ್ರಹದಲ್ಲಿ ದೇಶದ ಪಿಎಚ್.ಡಿ. ಮಹಾಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಒಂದು ಕಾಲದಲ್ಲಿ ಒಂದು ವಿದೇಶಿ ಪತ್ರಿಕೆ ನೋಡಲು ಶಿವಮೊಗ್ಗದಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಿತ್ತು.

ಕಾಗದನಗರದ ಮಾತು

ಭದ್ರಾವತಿಯಲ್ಲಿ ಉಕ್ಕಿನ ಜೊತೆ ಕಾಗದವೂ ತಯಾರಾಗುತ್ತಿತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದಾಗಿ ಒಂದು ಬಡಾವಣೆಗೆ ಕಾಗದನಗರ ಎಂಬ ಹೆಸರೇ ನಿಂತಿತು. ನಾಡಿನ ಎಷ್ಟೋ ಪತ್ರಿಕೆಗಳು ಅಲ್ಲಿನ ಕಾಗದದ ಮೇಲೆ ಅಚ್ಚಾದವು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಕಾಗದವನ್ನು ಟನ್ನುಗಟ್ಟಲೆ ತಯಾರಿಸಿದ ಊರಿನವರಿಗೆ ಕಾಗದ ಎಷ್ಟಿದೆ ಎಂಬುದಕ್ಕಿಂತ ಅದರ ಮೇಲೆ ಏನು ಬರೆದಿದೆ ಎಂಬುದು ಮುಖ್ಯ ಎಂದು ಬೇರೆ ಹೇಳಿಕೊಡಬೇಕಿಲ್ಲ.

ಸಿ.ಎನ್.ಆರ್. ರಾವ್ ಅವರ 1,500 ಪ್ರಬಂಧಗಳ ಅಂಕಿ ಮಕ್ಕಳಿಗೆ ಹುರುಪು ತುಂಬಲಿ, ಒಳ್ಳೆಯದೇ. ಆದರೆ ಅವರು ಆ ಅಂಕಿಯಿಂದ ಶುರು ಮಾಡಲಿಲ್ಲ. ಈ ಆಕ್ಸೈಡ್ ವಿದ್ಯುತ್ತನ್ನು ಏಕೆ ಹರಿಸುತ್ತದೆ, ಅದು ಏಕೆ ತಡೆಯುತ್ತದೆ ಎಂಬ ಪ್ರಶ್ನೆಯಿಂದ ಶುರು ಮಾಡಿದರು. ಪ್ರಶ್ನೆ ನಿಜವಾದದ್ದಾಗಿದ್ದರಿಂದ ಪ್ರಬಂಧಗಳು ಬಂದವು, ಬೇರೆಯವರಿಗೆ ಉಪಯೋಗವಾದದ್ದರಿಂದ ಉಲ್ಲೇಖಗಳು ಬಂದವು. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ಅಂಕಿ, ಆಮೇಲೆ ಪ್ರಶ್ನೆ ಎಂದು ಹೊರಟರೆ ಅದಕ್ಕೆ ಬೇಕಾದ ಎಲ್ಲ ಅಡ್ಡದಾರಿಗಳೂ ಮಾರುಕಟ್ಟೆಯಲ್ಲಿ ಸಿದ್ಧವಾಗಿವೆ.

ಆದ್ದರಿಂದ ಸಂಶೋಧನೆ ಮಾಡುವ ಮಗನೋ ಮಗಳೋ ರಜೆಗೆ ಮನೆಗೆ ಬಂದಾಗ "ಎಷ್ಟು ಪೇಪರ್ ಆಯಿತು?" ಎಂದು ಕೇಳಬೇಡಿ. "ಈ ಸಲ ಏನು ಗೊತ್ತಾಯಿತು? ನಮಗೂ ಸ್ವಲ್ಪ ಹೇಳು" ಎಂದು ಕೇಳಿ. ಊಟದ ಸುಪ್ರದ ಮುಂದೆ ಕೂತು ತಾಯಿಗೆ ಅರ್ಥವಾಗುವಂತೆ ಹೇಳಲು ಅವರಿಗೆ ಸಾಧ್ಯವಾದರೆ, ಕೆಲಸ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ. ಸಾಧ್ಯವಾಗದಿದ್ದರೆ ಬೇಸರ ಬೇಡ. ಇನ್ನೂ ಸ್ವಲ್ಪ ಸಮಯ ಕೊಡಿ.